ನನ್ನತ್ತೆ ಕಟಕಟೆ ಹತ್ತಿದ ದಿನ

ನಾನು ಕಾರು ಕಲಿಯಲು ಹೋದದ್ದಕ್ಕೇ ಸಂಸಾರ ಒಡೆಯಿತು ಅಂತ ನಮ್ಮ ನೆಂಟರಲ್ಲಿ ಕೆಲವರು ಈಗಲೂ ಹೇಳುತ್ತಾರೆ. ಪೂರ್ತಿ ಸುಳ್ಳೇನಲ್ಲ. ಆದರೆ ಒಡೆಯುವುದಕ್ಕೆ ಅದು ಎಂದೋ ತಯಾರಾಗಿತ್ತು. ಕಾರು ಒಂದು ನೆಪ, ಅಷ್ಟೆ.

ನನ್ನ ಗಂಡನದು ಶಾಮಿಯಾನ ಮತ್ತು ಲೈಟಿಂಗ್ ವ್ಯಾಪಾರ. ಮೈಸೂರಿನಲ್ಲಿ ಮದುವೆಯಿರಲಿ, ಗೃಹಪ್ರವೇಶವಿರಲಿ, ಬೀದಿಯಲ್ಲಿ ಗಣಪತಿ ಕೂರಿಸುವುದಿರಲಿ, ಕುರ್ಚಿ, ಪೆಂಡಾಲು, ಜನರೇಟರು, ಸೀರಿಯಲ್ ಸೆಟ್ಟು ಎಲ್ಲ ಅವರ ಗೋಡೌನಿನಿಂದ ಹೋಗುತ್ತಿತ್ತು. ದಸರಾ ಹತ್ತಿರ ಬಂದರೆ ಅವರು ಮನೆಗೆ ಬರುತ್ತಿದ್ದದ್ದು ಸ್ನಾನಕ್ಕೆ ಮಾತ್ರ. ಗೋಡೌನು ಮಂಡಕಳ್ಳಿಯಲ್ಲಿ, ಅವರ ಊರಿನ ಮನೆಗೆ ಅಂಟಿಕೊಂಡೇ ಇತ್ತು. ಅಲ್ಲಿ ನನ್ನತ್ತೆಯ ದರ್ಬಾರು. ಲೋಡು ಇಳಿಸುವ ಹುಡುಗರಿಗೆಲ್ಲ ಮುದ್ದೆ ಸಾರು ಮಾಡಿ ಹಾಕುತ್ತಾ, ತಟ್ಟೆ ತೊಳೆಯದೆ ಎದ್ದವರನ್ನು ಗದರುತ್ತಾ, ಎಲೆ ಅಡಿಕೆ ಮೆಲ್ಲುತ್ತಾ ಜಗಲಿಯ ಮೇಲೆ ಕೂತಿರುತ್ತಿದ್ದರು. ನಾನು, ನನ್ನ ಗಂಡ, ಮಗಳು ಊರೊಳಗೆ ಕುವೆಂಪುನಗರದಲ್ಲಿ ಇದ್ದೆವು.

ಹೊರಗಿನಿಂದ ನೋಡಿದವರಿಗೆ ನಮ್ಮದು ಒಳ್ಳೆಯ ಮನೆ. ಒಳಗೆ ನನಗೆ ತರಕಾರಿಯವನ ಹತ್ತಿರ ನಿಲ್ಲುವುದಕ್ಕೂ ಅಪ್ಪಣೆ ಬೇಕಿತ್ತು. ತೌರಿಗೆ ಫೋನು ಮಾಡಿದರೆ ಏನು ಮಾತಾಡಿದೆ ಅನ್ನುವ ವಿಚಾರಣೆ. ಬಿ.ಕಾಂ. ಮಾಡಿದ್ದವಳು ಹೊರಗೆ ಕೆಲಸಕ್ಕೆ ಹೋಗುತ್ತೇನೆ ಅಂದಾಗ ನನ್ನ ಗಂಡ ನಕ್ಕುಬಿಟ್ಟಿದ್ದರು. ನಕ್ಕದ್ದು ಮೊದಲ ಸಲ. ಎರಡನೇ ಸಲ ನಗಲಿಲ್ಲ.

ಮಗಳು ಶಾಲೆಗೆ ಹೋಗಿರುವ ಹೊತ್ತಿನಲ್ಲಿ ನಾನು ಒಂದು ಡ್ರೈವಿಂಗ್ ಸ್ಕೂಲಿಗೆ ಸೇರಿದೆ. ಅವರಿಗೆ ಹೇಳಲಿಲ್ಲ. ಹೆಣ್ಣುಮಕ್ಕಳಿಗೆ ಹೆಂಗಸೇ ಹೇಳಿಕೊಡುವ ಸ್ಕೂಲು ಅದು. ಕ್ಲಚ್ಚು ಬಿಟ್ಟು ಗಾಡಿ ಮುಂದಕ್ಕೆ ಹೋದ ಮೊದಲ ದಿನ ನನಗಾದ ಸಂತೋಷವನ್ನು ಹೇಗೆ ಹೇಳಲಿ? ಮದುವೆಯಾದಮೇಲೆ ನಾನಾಗಿ ಮುಂದಕ್ಕೆ ಹೋದದ್ದು ಅದೇ ಮೊದಲು ಅನ್ನಿಸಿತು. ಆದರೆ ಯಾರೋ ನನ್ನನ್ನು ಲಲಿತಮಹಲ್ ರಸ್ತೆಯಲ್ಲಿ ನೋಡಿ ಅವರ ಕಿವಿಗೆ ಹಾಕಿದರು.

ಆ ಭಾನುವಾರ ಬೆಳಿಗ್ಗೆ ನಾನು ದೋಸೆ ಹುಯ್ಯುತ್ತಿದ್ದೆ. ಅವರು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು.

"ನಮ್ಮನೆ ಹೆಂಗಸ್ರು ಬೀದೀಲಿ ಸ್ಟೀರಿಂಗ್ ಹಿಡ್ಕೊಂಡು ತಿರುಗ್ಬೇಕಾ?"

"ಮಗೂನ ಸ್ಕೂಲಿಗೆ ಬಿಡೋದಕ್ಕಾಗತ್ತೆ ಅಂತ ಕಲೀತಿದೀನಿ, ರೀ."

ಉತ್ತರ ಕೆನ್ನೆಗೆ ಬಿತ್ತು. ಅದೇ ಮೊದಲ ಏಟೇನಲ್ಲ. ಆದರೆ ಅದು ಮಗಳ ಎದುರಿಗೆ ಬಿದ್ದ ಮೊದಲ ಏಟು. ಅವಳು ಅಳಲಿಲ್ಲ. ಸುಮ್ಮನೆ ಎದ್ದು ಹೋಗಿ ಫ್ರಿಜ್ಜಿನ ಪಕ್ಕದ ಸಂದಿಯಲ್ಲಿ ಗೋಡೆಗೆ ಮುಖ ಮಾಡಿ ನಿಂತಳು. ಎಂಟು ವರ್ಷದ ಮಗು, ಹಾಗೆ ನಿಲ್ಲುವುದನ್ನು ಎಲ್ಲಿ ಕಲಿತಳು? ಒಲೆ ಆರಿಸಿದೆ. ಅವರು ಗೋಡೌನಿಗೆ ಹೊರಟಮೇಲೆ ಅವಳ ಸ್ಕೂಲ್ ಬ್ಯಾಗು, ಎರಡು ಜೊತೆ ಬಟ್ಟೆ ತೆಗೆದುಕೊಂಡು ಆಟೋ ಹತ್ತಿ ಒಂಟಿಕೊಪ್ಪಲಿಗೆ, ನನ್ನ ಅಮ್ಮನ ಮನೆಗೆ ಬಂದುಬಿಟ್ಟೆ.

ನನ್ನಮ್ಮ ನಿವೃತ್ತ ಪ್ರೈಮರಿ ಟೀಚರು. ಬಾಗಿಲು ತೆಗೆದು ನನ್ನ ಕೆನ್ನೆ ನೋಡಿದಳು. ಮೊಮ್ಮಗಳನ್ನು ಒಳಗೆ ಕರೆದುಕೊಂಡು ಹೋಗಿ ಉಪ್ಪಿಟ್ಟು ಕೊಟ್ಟಳು. ಸಂಜೆಗೆ ಮಾತ್ರ ಹೇಳಿದಳು. "ಇಲ್ಲಿ ಇರೋವಷ್ಟು ದಿನ ಇರು. ಆದ್ರೆ ನನ್ನ ಪೆನ್ಷನ್‌ನಲ್ಲಿ ಈ ಮಗೂನ ಸಾಕೋದು ನಿನ್ನ ಗಂಡನಿಗೆ ಸುಲಭ ಮಾಡಿಕೊಟ್ಟ ಹಾಗೆ ಆಗತ್ತೆ. ಅದು ನಂಗೆ ಇಷ್ಟ ಇಲ್ಲ ಕಣೇ."

ಆ ಮಾತು ನನ್ನ ತಲೆಯಲ್ಲಿ ಕೂತಿತು. ಕೋರ್ಟು ಅಂದರೆ ನನಗೆ ಭಯ. ಅಮ್ಮನೇ ಕೈ ಹಿಡಿದು ಉಚಿತ ಕಾನೂನು ನೆರವಿನ ಕಚೇರಿಗೆ ಕರೆದುಕೊಂಡು ಹೋದಳು. ಹೆಂಗಸರಿಗೆ ಅಲ್ಲಿ ಫೀಸಿಲ್ಲದೆ ವಕೀಲರನ್ನು ಕೊಡುತ್ತಾರೆ ಅಂತಲೇ ನನಗೆ ಗೊತ್ತಿರಲಿಲ್ಲ. ಅವರು ಕೊಟ್ಟ ಲಾಯರಮ್ಮ ನನಗಿಂತ ಸ್ವಲ್ಪ ದೊಡ್ಡವರು, ಗಟ್ಟಿ ದನಿ, ಬೇಗ ಬೇಗ ಮಾತು. ನಾನು ಕೇಳಿದ ಮೊದಲ ಪ್ರಶ್ನೆಗೇ ಅವರು ಪೆನ್ನು ಕೆಳಗಿಟ್ಟರು.

"ಮೇಡಮ್, ಡೈವೋರ್ಸ್ ಹಾಕಿದ್ರೆ ಮಾತ್ರ ಜೀವನಾಂಶ ಕೇಳಕ್ಕಾಗೋದಾ?"

"ಯಾರಮ್ಮ ಹೇಳಿದ್ದು? ಮದ್ವೆ ಹಾಗೇ ಇದ್ರೂ ಕೇಳ್ಬಹುದು. ಹೆಂಡ್ತೀನ, ಮಗೂನ ನೋಡ್ಕೊಳ್ದೆ ಇದ್ರೆ ಸಾಕು."

"ನಾನೇ ಮನೆ ಬಿಟ್ಟು ಬಂದಿದೀನಲ್ಲ?"

"ಯಾಕೆ ಬಿಟ್ಟು ಬಂದ್ರಿ ಅನ್ನೋದು ಮುಖ್ಯ. ಸುಮ್ಸುಮ್ನೆ ಬಂದಿದ್ರೆ ಬೇರೆ ಮಾತು. ಹೊಡೆತ ತಿಂದು ಬಂದೋರಿಗೆ ಕಾನೂನು ವಾಪಸ್ ಹೋಗು ಅನ್ನಲ್ಲ. ಮತ್ತೆ, ಒಂದು ತಿಳ್ಕೊಳ್ಳಿ. ನಿಮ್ಮದು ಒಂದು ಹಕ್ಕು, ಮಗೂದು ಇನ್ನೊಂದು. ನಾಳೆ ನೀವು ಸಿಟ್ಟಲ್ಲಿ ನಂಗೇನೂ ಬೇಡ ಅಂತ ಬರ್ಕೊಟ್ರೂ ಮಗೂದು ಹೋಗಲ್ಲ. ಅದನ್ನ ಬಿಟ್ಟುಕೊಡಕ್ಕೆ ನಿಮಗೆ ಅಧಿಕಾರಾನೇ ಇಲ್ಲ."

ಆ ಕೊನೆಯ ಮಾತಿಗೆ ನನ್ನ ಬೆನ್ನು ನೆಟ್ಟಗಾಯಿತು. ಅಲ್ಲಿಯವರೆಗೆ ನಾನು ಯಾರ ಹತ್ತಿರವೋ ಕೈ ಚಾಚಲು ಬಂದಿದ್ದೇನೆ ಅನ್ನಿಸುತ್ತಿತ್ತು. ಆಮೇಲೆ ಹಾಗೆ ಅನ್ನಿಸಲಿಲ್ಲ. ಅದೇ ದಿನ ಅರ್ಜಿ ಬರೆದೆವು.

ಅರ್ಜಿಯ ನೋಟಿಸು ಹೋದಮೇಲೆ ಮಂಡಕಳ್ಳಿಯಿಂದ ಒಂದು ಫೋನು ಬಂತು. ಅತ್ತೆ. ನಾನು ಮನೆ ಬಿಟ್ಟ ಮೇಲೆ ಅವರು ಮಾತಾಡಿದ್ದು ಅದೇ ಮೊದಲು.

"ಕೋರ್ಟ್‌ಗೆ ಆಕ್ಬುಟ್ಯಾ?"

"ಹೂಂ ಅತ್ತೆ."

"ಮನೆ ಮಾತ್ನ ಬೀದಿಗೆ ತಂದ್ಬುಟ್ಟೆ ಕಣವ್ವ ನೀನು." ಫೋನು ಇಟ್ಟರು.

ಅತ್ತೆ ನನ್ನ ಜೊತೆ ಎಂದೂ ಸಲಿಗೆಯಿಂದ ಇದ್ದವರಲ್ಲ. ಬೈದವರೂ ಅಲ್ಲ. ನಾನು ಪೇಟೆಯ ಹುಡುಗಿ, ಮುದ್ದೆ ಕಟ್ಟಲು ಬಾರದವಳು ಅನ್ನುವ ಒಂದು ದೂರ ಯಾವಾಗಲೂ ಇತ್ತು. ಆದರೆ ಮೊಮ್ಮಗಳೆಂದರೆ ಪ್ರಾಣ. ಹಬ್ಬಕ್ಕೆ ಹೋದಾಗ ಅವಳನ್ನು ತೊಡೆಯ ಮೇಲಿಂದ ಇಳಿಸುತ್ತಿರಲಿಲ್ಲ. ಆ ಫೋನಿನ ನಂತರ ಆ ಬಾಗಿಲೂ ಮುಚ್ಚಿತು ಅಂದುಕೊಂಡೆ.

ಕೇಸು ನಡೆಯಿತು. ನಡೆಯಿತು ಅನ್ನುವುದಕ್ಕಿಂತ ಕೂತಿತ್ತು ಅನ್ನಬೇಕು. ಒಂದು ವಾಯಿದೆಗೆ ನನ್ನ ಗಂಡನ ವಕೀಲರಿಗೆ ಜ್ವರ, ಇನ್ನೊಂದಕ್ಕೆ ಅವರಿಗೇ ಮದುವೆ ಸೀಸನ್ನು. ಈ ನಡುವೆ ನಾನು ಲೈಸೆನ್ಸ್ ತೆಗೆದುಕೊಂಡೆ. ನನಗೆ ಕಲಿಸಿದ ಮೇಡಮ್ಮಿಗೆ ಬೆನ್ನುನೋವು ಬಂದು, ಕಲಿಸುವುದಕ್ಕೆ ಇನ್ನೊಬ್ಬರು ಬೇಕು ಅಂದಾಗ, ಅದಕ್ಕೆ ಬೇಕಾದ ಅರ್ಹತೆಯನ್ನೆಲ್ಲ ಪಡೆದು ಕಲಿಸುವವರ ಸೀಟಿಗೆ ಬಂದೆ. ನನ್ನ ಮೊದಲ ಶಿಷ್ಯೆಯರು ರಾಜೀವನಗರದವರು. ಬುರ್ಖಾದ ಅಂಚನ್ನು ಗೇರಿಗೆ ಸಿಕ್ಕದ ಹಾಗೆ ಸುತ್ತಿಕೊಂಡು ಕೂರುತ್ತಿದ್ದ ಅಕ್ಕ ತಂಗಿ ಇಬ್ಬರು. ಅಕ್ಕನಿಗೆ ಬ್ರೇಕಿನ ಮೇಲೆ ಪ್ರೀತಿ, ತಂಗಿಗೆ ಹಾರನ್ನಿನ ಮೇಲೆ. ಅವರ ಜೊತೆ ರಿಂಗ್ ರೋಡಿನಲ್ಲಿ ಹೋಗುವಾಗ ನಾನು ಬಹಳ ದಿನಗಳ ಮೇಲೆ ಗಟ್ಟಿಯಾಗಿ ನಕ್ಕೆ.

ಕೆಲಸ ಸಿಕ್ಕ ಸುದ್ದಿ ಗಂಡನ ವಕೀಲರಿಗೂ ಮುಟ್ಟಿತು. ನಾನು ಡ್ರೈವಿಂಗ್ ಕಲಿಸುತ್ತಿರುವ ಫೋಟೋ ತೆಗೆಸಿ ಕೋರ್ಟಿಗೆ ಕೊಟ್ಟರು. ಅರ್ಜಿದಾರಳು ದುಡಿಯುತ್ತಾಳೆ, ಜೀವನಾಂಶ ಯಾಕೆ ಅನ್ನುವುದು ಅವರ ವಾದ. ಯಾವ ಕೆಲಸ ಕಲಿಯಲು ಹೋದದ್ದಕ್ಕೆ ಹೊಡೆದರೋ ಅದೇ ಕೆಲಸವನ್ನು ನನ್ನ ವಿರುದ್ಧ ಸಾಕ್ಷಿ ಮಾಡಿದ್ದರು. ನನಗೆ ಕಣ್ಣು ತುಂಬಿ ಬಂತು. ಲಾಯರಮ್ಮ ನನ್ನನ್ನು ವರಾಂಡದಲ್ಲಿ ಕೂರಿಸಿ ಹೇಳಿದರು.

"ಕೆಲಸ ಬಿಟ್ಬಿಡ್ಲಾ ಮೇಡಮ್ ಅಂತ ಕೇಳ್ಬೇಡಿ. ಎಲ್ರೂ ಅದನ್ನೇ ಕೇಳ್ತಾರೆ. ಬಿಡಬೇಡಿ. ಮುಚ್ಚಿಡಲೂ ಬೇಡಿ. ಎಷ್ಟು ಬರತ್ತೋ ಅಷ್ಟನ್ನ ನಾವೇ ಬರೆದುಕೊಡೋಣ. ದುಡಿಯೋ ಹೆಂಡ್ತಿಗೆ ಸಿಗೋದೇ ಇಲ್ಲ ಅಂತ ಏನೂ ಇಲ್ಲ. ನಿಮ್ಮ ಸಂಪಾದನೆಯಲ್ಲಿ ಗಂಡನ ಮನೇಲಿದ್ದ ಹಾಗೆ ಬದುಕಕ್ಕಾಗತ್ತಾ ಅಂತ ಕೋರ್ಟ್ ನೋಡತ್ತೆ. ಮಗೂ ವಿಷಯದಲ್ಲಂತೂ ಅಪ್ಪನ ಭಾರ ಅಪ್ಪನದೇ."

ನಾವು ನಮ್ಮ ಆದಾಯವನ್ನು ಇದ್ದದ್ದು ಇದ್ದ ಹಾಗೆ ಬರೆದುಕೊಟ್ಟೆವು. ಅವರೂ ಬರೆದುಕೊಡಬೇಕಾಯಿತು. ಅವರ ಪ್ರಮಾಣಪತ್ರವನ್ನು ಲಾಯರಮ್ಮ ಓದಿದಾಗ ನನಗೆ ನಂಬಲಾಗಲಿಲ್ಲ. ಶಾಮಿಯಾನ ವ್ಯಾಪಾರ ಅವರದಲ್ಲವಂತೆ. ಗೋಡೌನು, ಲಾರಿ, ಬ್ಯಾಂಕಿನ ಖಾತೆ ಎಲ್ಲ ಅವರ ತಾಯಿಯ ಹೆಸರಿನಲ್ಲಿದೆಯಂತೆ. ಅವರು ತಾಯಿಯ ಕೈಕೆಳಗೆ ಸಂಬಳಕ್ಕಿರುವ ಒಬ್ಬ ಮೇಲ್ವಿಚಾರಕರಂತೆ. ಆ ಸಂಬಳವಾದರೂ ಎಷ್ಟು? ಅವರ ಲಾರಿ ಡ್ರೈವರಿಗಿಂತ ಕಡಿಮೆ! ನೋಟಿಸು ಬಂದಮೇಲೆ ಒಂದೊಂದಾಗಿ ಎಲ್ಲವನ್ನೂ ಅತ್ತೆಯ ಹೆಸರಿಗೆ ವರ್ಗ ಮಾಡಿದ್ದರು. ಆ ಸಂಬಳವನ್ನೇ ಹಿಡಿದು ಮಗಳಿಗೆ ಮಧ್ಯಂತರವಾಗಿ ಏನೋ ಒಂದಿಷ್ಟು ಆದೇಶವಾಯಿತು. ಅದು ಅವಳ ಸ್ಕೂಲ್ ವ್ಯಾನಿಗೂ ಸಾಲದು.

"ಇದನ್ನ ಒಡೀಬೇಕು," ಅಂದರು ಲಾಯರಮ್ಮ. "ಆದ್ರೆ ಅವರ ತಾಯಿ ಬಂದು ಹೌದು, ನಂದೇ ವ್ಯಾಪಾರ ಅಂತ ಹೇಳಿದ್ರೆ ಕಷ್ಟ. ಸಾಕ್ಷಿ ಪಟ್ಟೀಲಿ ಅವರ ಹೆಸರಿದೆ. ಆ ಯಮ್ಮ ಹೆಂಗೆ?"

"ಮಗನ ಮಾತು ಮೀರೋರಲ್ಲ ಮೇಡಮ್," ಅಂದೆ. ನನಗೆ ಗೊತ್ತಿದ್ದದ್ದು ಅಷ್ಟೇ.

ಆ ದಿನ ಅತ್ತೆ ಮಗನ ಕಾರಿನಿಂದ ಇಳಿದದ್ದು ಹಸಿರು ಅಂಚಿನ ರೇಷ್ಮೆ ಸೀರೆಯಲ್ಲಿ. ಮದುವೆಗೆ ಬಂದವರ ಹಾಗೆ ತಲೆ ಬಾಚಿ ಹೂ ಮುಡಿದಿದ್ದರು. ವಿಧವೆಯಾದರೂ ಹೂ ಬಿಟ್ಟವರಲ್ಲ ಅವರು, ಊರಿನ ಯಾರೂ ಅವರಿಗೆ ಬೇಡ ಅನ್ನುವ ಧೈರ್ಯ ಮಾಡಿರಲಿಲ್ಲ. ವರಾಂಡದಲ್ಲಿ ನನ್ನನ್ನು ದಾಟಿಕೊಂಡು ಹೋದರು. ಒಮ್ಮೆ ನೋಡಿದರು, ಅಷ್ಟೆ. ಮಗಳಿಗೆ ಆವತ್ತು ಶಾಲೆಗೆ ರಜೆ. ನನ್ನಮ್ಮನ ಜೊತೆ ಅವಳೂ ಬಂದಿದ್ದಳು. ಅಜ್ಜಿಯನ್ನು ಕಂಡದ್ದೇ ಓಡಿಹೋಗಿ ಸೊಂಟ ತಬ್ಬಿದಳು.

ಅತ್ತೆ ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. "ಯಾಕವ್ವ ಇಷ್ಟು ಸಣ್ಣಗಾಗಿದೀ?"

"ಉದ್ದ ಆಗಿದೀನಿ ಅಜ್ಜಿ," ಅಂದಳು ಮಗಳು. "ಅಜ್ಜಿ, ನಾನು ಡ್ಯಾನ್ಸ್ ಕ್ಲಾಸ್ ಬಿಟ್ಟೆ. ವ್ಯಾನ್‌ನೂ ಬಿಟ್ಟೆ. ಈಗ ಸಿಟಿ ಬಸ್ಸು. ಅಮ್ಮಂಗೆ ಕಷ್ಟ ಆಗತ್ತೆ ಅಂತ."

ಇದನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಡ್ಯಾನ್ಸ್ ಕ್ಲಾಸು ಬೇಜಾರು ಅಂತ ಅವಳು ನನಗೆ ಹೇಳಿದ್ದಳು, ನಾನು ನಂಬಿದ್ದೆ. ಅತ್ತೆ ಮಗನ ಕಡೆ ತಿರುಗಿದರು. ಅವರು ವಕೀಲರ ಜೊತೆ ಏನೋ ಪಿಸುಗುಡುತ್ತಿದ್ದರು, ಇದು ಯಾವುದೂ ಅವರಿಗೆ ಕೇಳಿಸಲಿಲ್ಲ. ಅಷ್ಟರಲ್ಲಿ ನಮ್ಮ ಕೇಸು ಕೂಗಿದರು.

ಕುಟುಂಬ ನ್ಯಾಯಾಲಯದ ಹಾಲು ಚಿಕ್ಕದು. ಕಟಕಟೆ ಅಂದರೆ ಮರದ ಒಂದು ಚೌಕಟ್ಟು. ಅತ್ತೆ ಅದನ್ನು ಹತ್ತಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಂಬಿ ಹಿಡಿದು ನಿಂತರು. ದೇವರ ಮೇಲೆ ಪ್ರಮಾಣ ಮಾಡಿಸಿದರು. ಅವರ ಹೇಳಿಕೆಯನ್ನು ಮೊದಲೇ ಟೈಪು ಮಾಡಿ ಸಹಿ ಹಾಕಿಸಿ ಕೊಟ್ಟಿದ್ದರು. ವ್ಯಾಪಾರ ನನ್ನದು, ಮಗ ನನ್ನ ಕೆಲಸಗಾರ ಅಂತ ಅದರಲ್ಲಿತ್ತು. ಈಗ ಪಾಟೀಸವಾಲು ಮಾಡುವ ಸರದಿ ನಮ್ಮ ಲಾಯರಮ್ಮನದು. ಅವರು ಮೆಲ್ಲಗೆ ಶುರುಮಾಡಿದರು.

"ಅಮ್ಮ, ಈ ಶಾಮಿಯಾನ ವ್ಯಾಪಾರ ನಿಮ್ಮದೇನಾ?"

"ಪೇಪರ್‌ನಲ್ಲಿ ನಂದೇ ಅಂತೆ."

ಹಾಲಿನಲ್ಲಿ ಯಾರೋ ಕೆಮ್ಮಿದರು. ಲಾಯರಮ್ಮ ಒಂದು ಕ್ಷಣ ನನ್ನ ಕಡೆ ನೋಡಿದರು.

"ಅಂತೆ ಅಂದ್ರೆ? ಯಾರು ಹೇಳಿದ್ರು?"

"ನನ್ ಮಗ."

"ಒಂದು ಕುರ್ಚಿಗೆ ದಿನದ ಬಾಡಿಗೆ ಎಷ್ಟಮ್ಮ?"

"ನಂಗೇನು ಗೊತ್ತು ತಾಯಿ? ಅವ್ನೇ ಅವ್ನಲ್ಲ, ಕೇಳಿ."

"ನಿಮ್ಮ ಮಗನಿಗೆ ತಿಂಗಳಾ ತಿಂಗಳಾ ಸಂಬಳ ನೀವೇ ಕೊಡ್ತೀರಾ?"

ಅತ್ತೆ ನಕ್ಕೇಬಿಟ್ಟರು. "ನಾನು ಅವನ್ಗೆ ಸಂಬ್ಳ ಕೊಡೋದಾ? ನನ್ನ ಎಲೆ ಅಡ್ಕೇಗೇ ಅವ್ನು ಕೊಡ್ಬೇಕು."

ಗಂಡನ ವಕೀಲರು ಎದ್ದರು. ಸಾಕ್ಷಿಗೆ ವಯಸ್ಸಾಗಿದೆ, ಪ್ರಶ್ನೆಗಳು ಅರ್ಥವಾಗುತ್ತಿಲ್ಲ ಅಂದರು. ಅತ್ತೆ ಅವರ ಕಡೆ ತಿರುಗಿದರು.

"ವಯಸ್ಸಾಗಿರೋದು ನಿಜ ಸ್ವಾಮಿ. ಅರ್ಥ ಆಗ್ದೆ ಏನು? ಅವ್ರು ಕನ್ನಡದಲ್ಲೇ ಕೇಳ್ತಾವ್ರೆ."

ನ್ಯಾಯಾಧೀಶರು ವಕೀಲರಿಗೆ ಕೂರಲು ಹೇಳಿ ತಾವೇ ಕೇಳಿದರು. "ಅಜ್ಜಿ, ಈ ಹೇಳಿಕೆಗೆ ಸಹಿ ಹಾಕಿದ್ದು ನೀವೇನಾ? ಓದಿ ಹೇಳಿದ್ರಾ ನಿಮಗೆ?"

"ಸೈನ್ ನಂದೇ ಬುದ್ಧಿ. ಮಾಡವ್ವ ಅಂದ, ಮಾಡ್ದೆ. ಅದ್ರಲ್ಲಿ ಏನದೆ ಅಂತ ನಂಗೆ ತಿಳಿದಿದ್ದು ಇವತ್ತು ಕಾರಲ್ಲಿ. ಇಂಗಿಂಗೆ ಏಳ್ಬೇಕು ಅಂತ ದಾರಿ ಉದ್ದಕ್ಕೂ ಏಳ್ಕೊಟ್ಟ."

"ಹಾಗಾದ್ರೆ ವ್ಯಾಪಾರ ನಡೆಸೋರು ಯಾರು?"

ಅತ್ತೆ ಬೆನ್ನು ಸೆಟೆದು ನಿಂತರು. ಆಗ ಅವರ ಮುಖದಲ್ಲಿ ಬಂದದ್ದು ಸಿಟ್ಟಲ್ಲ, ಹೆಮ್ಮೆ. ಅದನ್ನು ನಾನು ಮರೆಯಲಾರೆ.

"ನನ್ ಮಗ. ಅವ್ನ ಕೈಯಾರೆ ಕಟ್ಟಿದ್ದು. ದೇವ್ರ ಮೇಲೆ ಆಣೆ ಮಾಡಿವ್ನಿ, ಸುಳ್ಳೇಳಕ್ಕಾಗಲ್ಲ. ಸಂಬ್ಳಕ್ಕಿರೋನು ಅಂತ ಅವನ್ನ ಯಾಕೆ ಕೀಳು ಮಾಡ್ತೀರಿ? ದಸರಾ ಬಂದ್ರೆ ಅವ್ನು ಲೈಟು ಕಟ್ದೆ ಇರೋ ಬೀದಿ ತೋರ್ಸಿ ನೋಡುವಾ. ಅವನ ಗೋಡೌನ್‌ನಲ್ಲಿ ಉಣ್ಣೋ ಆಳುಗಳ್ಗೆ ನಾನೇ ದಿನಾ ಮುದ್ದೆ ತೊಳಸೋದು, ರಟ್ಟೆ ಬಿದ್ದೋಯ್ತದೆ. ಅಷ್ಟು ಜನಕ್ಕೆ ಅನ್ನ ಆಕೋನು ಅವನ ಮಗ್ಳು ಒಬ್ಳಿಗೆ ಆಕಕ್ಕಾಗಲ್ವಾ?"

ಟೈಪು ಮಾಡುತ್ತಿದ್ದ ಹೆಣ್ಣುಮಗಳು ಬೆರಳು ನಿಲ್ಲಿಸಿ ನೋಡುತ್ತಿದ್ದಳು. ಅತ್ತೆಯ ದನಿ ತಗ್ಗಿತು.

"ಇವನಪ್ಪ ಸತ್ತಾಗ ಇವ್ನು ನನ್ ಮೊಣಕಾಲುದ್ದ ಇದ್ದ ಬುದ್ಧಿ. ರಾಗಿ ಕೊಡಿ ಅಂತ ಭಾವಂದ್ರ ಬಾಗ್ಲಲ್ಲಿ ಸೆರಗು ಒಡ್ಡಿ ನಿಂತಿವ್ನಿ. ನಂಗೆ ಕೋರ್ಟು ಗೊತ್ತಿರ್ಲಿಲ್ಲ, ಕೇಳು ಅನ್ನೋರೂ ಇರ್ಲಿಲ್ಲ. ಇವಳ್ಗೆ ಗೊತ್ತದೆ, ಕೇಳ್ತಾವ್ಳೆ. ನಾನೂ ಬೈದೆ ಇವಳ್ನ, ಮನೆ ಮಾತ್ನ ಬೀದಿಗೆ ತಂದೆ ಅಂತ. ನನ್ ಮೊಮ್ಮಗ್ಳು ಡ್ಯಾನ್ಸು ಬಿಟ್ಟವ್ಳಂತೆ. ಅಪ್ಪ ಬದ್ಕಿರೋ ಮಗು ಯಾಕೆ ಬಿಡ್ಬೇಕು?"

ನನಗೆ ಮುಂದಿನದು ಸರಿಯಾಗಿ ಕಾಣಿಸಲಿಲ್ಲ. ಕಣ್ಣೊರೆಸಿಕೊಂಡು ನೋಡುವಷ್ಟರಲ್ಲಿ ಅತ್ತೆ ಕಟಕಟೆಯಿಂದ ಇಳಿದಿದ್ದರು. ಲಾಯರಮ್ಮ "ಇನ್ನು ಪ್ರಶ್ನೆಗಳಿಲ್ಲ" ಅಂದು ಕೂತಿದ್ದರು. ಕೂತವರು ಮೇಜಿನ ಕೆಳಗೆ ನನ್ನ ಕೈಯನ್ನು ನೋಯುವ ಹಾಗೆ ಅದುಮಿದರು.

ವರಾಂಡಕ್ಕೆ ಬಂದಮೇಲೆ ನನ್ನ ಗಂಡ ತಾಯಿಯ ಎದುರಿಗೆ ನಿಂತರು. ಮುಖ ಕೆಂಪಾಗಿತ್ತು.

"ಏನವ್ವ ಮಾಡ್ಬುಟ್ಟೆ ನೀನು? ಕಾರಲ್ಲಿ ಅಷ್ಟು ಹೇಳಿಕೊಟ್ಟಿದ್ದೆನಲ್ಲ?"

"ಮರ್ತೋಯ್ತು ಕಣಪ್ಪ," ಅಂದರು ಅತ್ತೆ. "ವಯಸ್ಸಾಯ್ತಲ್ಲ, ನಿಮ್ ಲಾಯರ್ರೇ ಏಳಿದ್ರು."

ಆಮೇಲೆ ನನ್ನ ಹತ್ತಿರ ಬಂದರು. ಕಾಲಿಗೆ ಬೀಳಲು ಹೋದೆ, ತೋಳು ಹಿಡಿದು ನಿಲ್ಲಿಸಿದರು. "ಅದೆಲ್ಲ ಬ್ಯಾಡ. ನಂಗೆ ಬಸ್‌ಸ್ಟ್ಯಾಂಡ್‌ಗೆ ದಾರಿ ತೋರ್ಸು. ಇವನ್ ಕಾರಲ್ಲಿ ಇವತ್ತು ನಾನು ಓಗಲ್ಲ." ನಾನು ಬಸ್ಸು ತೋರಿಸಲಿಲ್ಲ. ಡ್ರೈವಿಂಗ್ ಸ್ಕೂಲಿನ ಕಾರು ಹೊರಗೇ ಇತ್ತು. ಅತ್ತೆಯನ್ನು ಮುಂದಿನ ಸೀಟಿನಲ್ಲಿ, ಅಮ್ಮನನ್ನೂ ಮಗಳನ್ನೂ ಹಿಂದೆ ಕೂರಿಸಿಕೊಂಡು ನಂಜನಗೂಡು ರಸ್ತೆ ಹಿಡಿದೆ. ಅತ್ತೆ ಸ್ವಲ್ಪ ದೂರ ಬಾಗಿಲಿನ ಹಿಡಿ ಬಿಡಲಿಲ್ಲ. ಆಮೇಲೆ ಬಿಟ್ಟರು. "ಇದಕ್ಕಾ ಅವ್ನು ಒಡ್ದಿದ್ದು?" ಅಂದರು. ಹೂಂ ಅಂದೆ. "ಚೆನ್ನಾಗೇ ಓಡಿಸ್ತೀಯಲ್ಲವ್ವ," ಅಂದು ಕಿಟಕಿಯ ಕಡೆ ಮುಖ ತಿರುಗಿಸಿದರು.

ತೀರ್ಪು ನಮ್ಮ ಕಡೆ ಬಂತು. ವ್ಯಾಪಾರ ಗಂಡನದೇ, ಹೆಸರು ಬದಲಾಯಿಸಿದ್ದು ಜೀವನಾಂಶ ತಪ್ಪಿಸುವುದಕ್ಕೆ ಅಂತ ನ್ಯಾಯಾಧೀಶರು ಸ್ಪಷ್ಟವಾಗಿ ಬರೆದಿದ್ದರು. ನನಗೂ ಮಗಳಿಗೂ ಬೇರೆ ಬೇರೆಯಾಗಿ, ಅರ್ಜಿ ಹಾಕಿದ ದಿನದಿಂದಲೇ ಕೊಡಬೇಕು. ನನ್ನಮ್ಮ ಆ ಪ್ರತಿಯನ್ನು ಪಾಠ ಓದುವ ಹಾಗೆ ಜೋರಾಗಿ, ನಿಲ್ಲಿಸಿ ನಿಲ್ಲಿಸಿ ಓದಿದಳು. ಓದಿ ಮುಗಿಸಿ, ಮತ್ತೆ ಮೊದಲಿಂದ ಓದಿದಳು.

ಆದರೂ ನನ್ನ ಗಂಡ ಕೊಡಲಿಲ್ಲ. ಮೇಲಿನ ಕೋರ್ಟಿಗೆ ಹೋಗುತ್ತೇನೆ ಅಂದರು, ಹೋಗಲಿಲ್ಲ. ತೀರ್ಪಾದ ಮೇಲೆ ಮಗಳು ಭಾನುವಾರಗಳಂದು ಅವರನ್ನು ನೋಡಿಕೊಂಡು ಬರುತ್ತಿದ್ದಳು. ನನಗೆ ಸಿಟ್ಟು ಬಂದು, ಹಾಗಾದರೆ ಭಾನುವಾರ ಮಗಳನ್ನು ಅವರ ಹತ್ತಿರ ಕಳಿಸುವುದೇ ಇಲ್ಲ ಅಂದೆ. ಲಾಯರಮ್ಮ ಆವತ್ತು ನನ್ನನ್ನು ನಿಜವಾಗಿ ಗದರಿದರು. "ದುಡ್ಡಿಗೂ ಮಗೂನ ನೋಡೋದಕ್ಕೂ ಗಂಟು ಹಾಕ್ಬೇಡಿ. ಅಪ್ಪನ್ನ ನೋಡೋದು ಅವಳ ಹಕ್ಕು, ನಿಮ್ಮ ಕೈಲಿರೋ ಕೋಲಲ್ಲ. ಕೊಡ್ದೇ ಇದ್ರೆ ಅದಕ್ಕೆ ಬೇರೆ ದಾರಿ ಇದೆ, ಜಾರಿ ಅರ್ಜಿ ಹಾಕೋಣ. ಕೋರ್ಟು ವಾರಂಟೂ ಕೊಡತ್ತೆ, ಜಪ್ತೀನೂ ಮಾಡತ್ತೆ." ಜಾರಿ ಅರ್ಜಿ ಹಾಕಿದೆವು. ಮಗಳನ್ನು ಭಾನುವಾರ ಕಳಿಸುತ್ತಲೇ ಇದ್ದೆ.

ವಾರಂಟಿನ ತನಕ ಹೋಗಬೇಕಾಗಿಯೇ ಬರಲಿಲ್ಲ. ದಸರಾಕ್ಕೆ ಮುಂಚೆ ಅತ್ತೆ ಫೋನು ಮಾಡಿದರು.

"ದುಡ್ಡು ಬಂತಾ?"

"ಇಲ್ಲ ಅತ್ತೆ."

"ಬತ್ತದೆ ಬುಡು."

ಆಮೇಲೆ ತಿಳಿಯಿತು. ಬ್ಯಾಂಕಿನ ಖಾತೆ ಇನ್ನೂ ಅತ್ತೆಯ ಹೆಸರಿನಲ್ಲೇ ಇತ್ತಲ್ಲ, ಚೆಕ್ಕಿಗೆ ಅವರದೇ ಸಹಿ ಬೇಕು. ದಸರಾ ಕೆಲಸಕ್ಕೆ ವೈರು, ಬಲ್ಬು, ಬಾಡಿಗೆ ಜನರೇಟರು ಎಲ್ಲದಕ್ಕೂ ಮಗ ಚೆಕ್ ಪುಸ್ತಕ ಹಿಡಿದು ಜಗಲಿಗೆ ಬಂದಾಗ ಅತ್ತೆ ಪೆನ್ನು ಮುಟ್ಟಲಿಲ್ಲ. ಮೊದಲು ಮೊಮ್ಮಗಳದು, ಸೊಸೆಯದು ಕೊಟ್ಟು ಬಾ ಅಂದರು. ಮಗ ಕೂಗಾಡಿದರು, ಮನೆ ಬಿಟ್ಟು ಹೋಗು ಅಂತಲೂ ಅಂದರಂತೆ. "ನೀನೇ ಓಗಪ್ಪ," ಅಂದರಂತೆ ಅತ್ತೆ. "ನಿನ್ ಪೇಪರ್‌ನಲ್ಲಿ ಓನರ್ ನಾನು. ನೀನು ಸಂಬ್ಳಕ್ಕಿರೋನು." ಇದನ್ನು ನನಗೆ ಹೇಳುವಾಗ ಅವರಿಗೆ ನಗು ತಡೆಯಲಾಗದೆ ಎಲೆ ಅಡಿಕೆ ನೆತ್ತಿಗೆ ಹತ್ತಿತು. ಬಾಕಿಯೆಲ್ಲ ಆ ವಾರವೇ ನಮ್ಮ ಖಾತೆಗೆ ಬಂತು. ಆ ವರ್ಷವೂ ಅವರ ಲೈಟುಗಳು ಬೀದಿ ಬೀದಿಯಲ್ಲಿ ಉರಿದವು. ಮಗಳು ನೃತ್ಯ ತರಗತಿಗೆ ವಾಪಸು ಹೋದಳು.

ತಾಯಿ ಮಗ ಬಹಳ ದಿನ ಮಾತಾಡಲಿಲ್ಲ. ಒಂದೇ ಅಂಗಳದಲ್ಲಿ ಇದ್ದುಕೊಂಡು, ಆಳುಗಳ ಮೂಲಕ ಹೇಳಿಕಳಿಸುತ್ತಿದ್ದರಂತೆ. ಅತ್ತೆಗೆ ಅದು ನೋವೇ. ಅದನ್ನು ಅವರು ನನ್ನ ಹತ್ತಿರ ಒಂದೇ ಸಲ ಆಡಿದರು. ಆಮೇಲೆ ಅವರಿಗೆ ಜ್ವರ ಬಂದಾಗ ಮಗನೇ ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಮಾತು ಅಲ್ಲಿಂದ ಮತ್ತೆ ಶುರುವಾಯಿತು.

ನಾನು ಈಗ ನನ್ನದೇ ಡ್ರೈವಿಂಗ್ ಸ್ಕೂಲು ನಡೆಸುತ್ತೇನೆ. ಕಲಿಯಲು ಬರುವವರಲ್ಲಿ ಅರ್ಧ ಜನ ಗೇರಿನ ಪ್ರಶ್ನೆ ಮುಗಿದಮೇಲೆ ಬೇರೆ ಪ್ರಶ್ನೆ ಕೇಳುತ್ತಾರೆ. ನನ್ನ ಕಥೆ ಹೇಗೋ ಊರೆಲ್ಲ ಹರಡಿದೆ. ರಾಜೀವನಗರದ ಆ ಅಕ್ಕ ತಂಗಿಯರಲ್ಲಿ ತಂಗಿ ಒಂದು ದಿನ ಸಿಗ್ನಲ್ಲಿನಲ್ಲಿ ನಿಂತಾಗ ಕೇಳಿದಳು. "ಮೇಡಮ್, ನಮ್ಮಲ್ಲೂ ಕೇಳ್ಬಹುದಾ?" ಕೇಳಬಹುದು, ಈ ಕಾನೂನಿಗೆ ಜಾತಿ ಧರ್ಮ ಇಲ್ಲ ಅಂದೆ. ಲಾಯರಮ್ಮನ ಹತ್ತಿರ ನಾನೇ ಕರೆದುಕೊಂಡು ಹೋದೆ. ಆವತ್ತು ಆ ಸಿಗ್ನಲ್ಲಿನಲ್ಲಿ ಹಿಂದಿನ ಗಾಡಿಯವರು ಹಾರನ್ನು ಹೊಡೆಯುತ್ತಿದ್ದರೂ ಹಸಿರು ದೀಪ ಬಂದದ್ದು ನಮಗಿಬ್ಬರಿಗೂ ಕಂಡಿರಲಿಲ್ಲ.

ಹೋದ ವರ್ಷ ಮಗಳ ಪಿಯುಸಿ ಮುಗಿಯಿತು. ಬಿ.ಫಾರ್ಮಾ ಓದುತ್ತೇನೆ ಅಂದಳು. ಹದಿನೆಂಟು ತುಂಬಿತಲ್ಲ, ಇನ್ನು ಅಪ್ಪ ಕೊಡಬೇಕಾಗಿಲ್ಲ ಅಂತ ಯಾರೋ ಹೇಳಿದ್ದು ಕೇಳಿ ಅವಳೇ ಮಂಕಾಗಿದ್ದಳು. ಲಾಯರಮ್ಮ ಈಗ ಕನ್ನಡಕ ಹಾಕುತ್ತಾರೆ, ದನಿ ಮಾತ್ರ ಅದೇ. "ನಾವು ಆಗ ಹಾಕಿದ್ದ ಕಾನೂನಲ್ಲಿ ಹದಿನೆಂಟರವರೆಗೆ ಅನ್ನೋದು ಸರಿ. ಆದ್ರೆ ನಮ್ಮ ಹಿಂದೂ ಕಾನೂನು ಬೇರೆ ಇದೆ, ಅದ್ರಲ್ಲಿ ಮದುವೆ ಆಗದ ಮಗಳು ತನ್ನ ಕಾಲ ಮೇಲೆ ತಾನು ನಿಲ್ಲೋವರೆಗೆ ಅಪ್ಪನ ಹತ್ರ ಕೇಳ್ಬಹುದು. ಖರ್ಚು ಜಾಸ್ತಿ ಆದ್ರೆ ಜಾಸ್ತೀನೂ ಕೇಳ್ಬಹುದು. ಈ ಸಲ ಅರ್ಜಿ ಅವಳ ಹೆಸರಲ್ಲೇ ಹಾಕೋಣ," ಅಂದರು.

ಮಗಳು ತಾನೇ ಸಹಿ ಹಾಕಿದಳು. ವಾಯಿದೆಯ ದಿನ ನಾನು ಹಳೆಯ ಜಗಳಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡು ಹೋದೆ. ನನ್ನ ಗಂಡ ಬಂದರು, ತಲೆಗೂದಲು ಪೂರ್ತಿ ಬೆಳ್ಳಗಾಗಿತ್ತು. ಈ ಸಲ ವಕೀಲರಿರಲಿಲ್ಲ. ನ್ಯಾಯಾಧೀಶರು ನಿಮ್ಮ ತಕರಾರೇನು ಅಂತ ಕೇಳಿದರು.

"ತಕರಾರಿಲ್ಲ ಸ್ವಾಮಿ," ಅಂದರು. "ಓದಿನ ಖರ್ಚು ಪೂರ್ತಿ ನಾನು ಕೊಡ್ತೀನಿ. ಬರ್ಕೊಳ್ಳಿ."

ಹೊರಗೆ ಬಂದು ಮಗಳ ಹತ್ತಿರ ನಿಂತರು. ಏನು ಮಾತಾಡಬೇಕು ಅಂತ ಹುಡುಕುತ್ತಿದ್ದರು. "ಕೆಮಿಸ್ಟ್ರಿ ಕಷ್ಟ ಅಂತಾರಲ್ಲ?"

"ನಂಗೆ ಅದೇ ಇಷ್ಟ ಅಪ್ಪ. ತೊಂಬತ್ತೆಂಟು ಬಂದಿದೆ."

"ತೊಂಬತ್ತೆಂಟಾ!" ಅಂದರು. ಆ ಕ್ಷಣ ಅವರ ಮುಖದಲ್ಲಿ ಕಂಡದ್ದು, ಕಟಕಟೆಯಲ್ಲಿ ಅವರ ಬಗ್ಗೆ ಮಾತಾಡುವಾಗ ಅತ್ತೆಯ ಮುಖದಲ್ಲಿ ಕಂಡಿದ್ದದ್ದೇ. ನನ್ನ ಕಡೆ ತಿರುಗಿ ತಲೆ ಆಡಿಸಿದರು. ಕ್ಷಮಿಸು ಅನ್ನಲಿಲ್ಲ, ನಾನೂ ನಿರೀಕ್ಷಿಸಿರಲಿಲ್ಲ. ಮೊದಲ ಸಲ ಗೆದ್ದಾಗ ಒಬ್ಬರನ್ನು ಸೋಲಿಸಿದ್ದೆವು. ಈ ಸಲ ಸೋತವರು ಯಾರೂ ಇರಲಿಲ್ಲ. ನನಗೆ ಇದೇ ದೊಡ್ಡ ಗೆಲುವು ಅನ್ನಿಸಿತು.

ಕಾಲೇಜು ಶುರುವಾಗುವ ಮುನ್ನಾದಿನ ಮಗಳು ಲ್ಯಾಬಿನ ಬಿಳಿ ಕೋಟು ಹಾಕಿಕೊಂಡು ಮಂಡಕಳ್ಳಿಗೆ ಹೋಗಿ ಅಜ್ಜಿಗೆ ತೋರಿಸಿದಳು. ಅತ್ತೆಗೆ ಈಗ ಕಣ್ಣು ಮಂದ. ಕೋಟಿನ ತೋಳನ್ನು ಬೆರಳಲ್ಲಿ ಹೊಸಕಿ ನೋಡಿದರು.

"ಡಾಕ್ಟ್ರಾದ್ಯಾ?"

"ಇಲ್ಲ ಅಜ್ಜಿ. ನಾನು ಔಷಧಿ ಮಾಡೋಳು."

"ಇನ್ನೂ ವಾಸಿ," ಅಂದರು ಅತ್ತೆ. "ಡಾಕ್ಟ್ರು ಬರೀ ಬರೀತಾರೆ." ಆಮೇಲೆ ಜಗಲಿಯಿಂದಲೇ ಗೋಡೌನಿನ ಕಡೆ ಕೂಗಿ, ಲೋಡು ಇಳಿಸುತ್ತಿದ್ದ ಹುಡುಗರನ್ನೆಲ್ಲ ಕರೆದು, ಬನ್ರೋ, ನನ್ ಮೊಮ್ಮಗಳ್ನ ನೋಡ್ರೋ ಅಂದರು.